ಆಪಾನ ಕುರ್ಚಿ

ನಾನು ಜೀವಮಾನವಿಡೀ ಮಾಡಿದ ನೌಕರಿ ಇನ್ನೊಬ್ಬರದು. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ನನ್ನ ಶಿಸ್ತನ್ನೂ ನನ್ನ ಸಿಟ್ಟನ್ನೂ ಒಂದೇ ಉಸಿರಿನಲ್ಲಿ ಹೊಗಳಿದರು. ನಾನು ಎರಡು ಮಾತಾಡಿ ಕೂತುಬಿಟ್ಟೆ. ಹೇಳಬೇಕಾದದ್ದು ಹಾರ ಹಾಕಿಸಿಕೊಂಡು ಹೇಳುವಂಥದ್ದಲ್ಲ. ಅದನ್ನು ಈಗ ಬರೆಯುತ್ತಿದ್ದೇನೆ.

ಮೊನ್ನೆ ಮೊಮ್ಮಗಳು ಒಂದು ಸಂಗತಿ ಹೇಳಿದಳು. ಈಗಿನ ಹುಡುಗಿಯರು ಪರದೇಶಕ್ಕೆ ಹೋಗಿ ಯಾರದೋ ಮನೆಯಲ್ಲಿ ಇದ್ದು, ಆ ಮನೆಯ ಮಗುವನ್ನು ನೋಡಿಕೊಂಡು, ಉಂಡುಟ್ಟು, ಅವರ ಭಾಷೆ ಕಲಿತು ಬರುತ್ತಾರಂತೆ. ತನ್ನ ಗೆಳತಿಯೊಬ್ಬಳು ಹೊರಟಿದ್ದಾಳಂತೆ. ಇದೇನೋ ಹೊಸ ಕಾಲದ ಸೋಜಿಗ ಎಂಬಂತೆ ಕಣ್ಣರಳಿಸಿ ಹೇಳಿದಳು. ನಾನು ನಕ್ಕೆ. ನಾನೂ ಅದನ್ನೇ ಮಾಡಿದವಳು, ಮೂರು ವರ್ಷ. ಪರದೇಶ ಮಾತ್ರ ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿಯಲ್ಲಿತ್ತು.

ನಮ್ಮೂರು ಘಾಟಬೋರಾಳ. ಅಪ್ಪ ಅಲ್ಲಿನ ಮಠದ ಪಡಸಾಲೆಯಲ್ಲಿ ಮಕ್ಕಳನ್ನು ಕೂಡಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ನಾನೂ ಅಲ್ಲೇ ಕೂತು ಕನ್ನಡ ಕಲಿತೆ. ಅಪ್ಪ ಜ್ವರದಲ್ಲಿ ತೀರಿಕೊಂಡ ಮೇಲೆ ಅವ್ವ ಹೊಲಕ್ಕೆ ಇಳಿದಳು, ನಾನು ಅವಳ ಹಿಂದೆ. ಹೀಗಿರುವಾಗ, 1947ರ ಬೇಸಿಗೆಯಲ್ಲಿ, ಕಲ್ಯಾಣಿಯಿಂದ ಒಬ್ಬ ಸಾಹೇಬರು ಬಂದರು. ಈಗ ಬಸವಕಲ್ಯಾಣ ಅನ್ನುತ್ತಾರಲ್ಲ, ಅದೇ ಊರು. ಅವರು ಜಾಗೀರಿನ ಕಚೇರಿಯ ಕಾರಕೂನರು, ಅಪ್ಪನ ಪರಿಚಯದವರು. ಅವರ ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಉಸ್ತಾನಿ, ಅಂದರೆ ಮಾಸ್ತರಿಣಿ. ಮೂರು ವರ್ಷದ ಮಗಳಿದ್ದಳು. ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇರಲಿಲ್ಲ.

“ನಿಮ್ಮ ಹುಡುಗೀನ ನಮ್ಮ ಮನ್ಯಾಗ ಬಿಡ್ರಿ,” ಅಂದರು ಸಾಹೇಬರು ಅವ್ವನಿಗೆ. “ನಮ್ಮ ಕೂಸಿನ ನೋಡಿಕೊಳ್ಳಲಿ. ನಮ್ಮಾಕಿ ಇಕೀಗಿ ಉರ್ದು ಕಲಿಸ್ತಾಳ, ಇಮ್ತಿಹಾನಕ್ಕ ಕೂಡಸ್ತಾಳ. ಪಾಸಾದ್ರ ಇಕಿನೂ ಒಂದಿನ ಉಸ್ತಾನಿ ಆಗ್ತಾಳ.”

ಆಗ ನಿಜಾಮರ ಆಳ್ವಿಕೆಯ ನಮ್ಮ ಸೀಮೆಯಲ್ಲಿ ಕಚೇರಿ, ಶಾಲೆ, ಕಾಗದಪತ್ರ ಎಲ್ಲವೂ ಉರ್ದು. ಉರ್ದು ಬಂದವರಿಗೆ ನೌಕರಿ, ಬಾರದವರಿಗೆ ಹೊಲ. ಅವ್ವ ಮೂರು ದಿನ ಯೋಚಿಸಿ ಹೂಂ ಅಂದಳು. ಹೊರಡುವ ದಿನ ನನ್ನ ಕೊರಳಿನ ಲಿಂಗದ ಕರಡಿಗೆ ಮುಟ್ಟಿ ನೋಡಿ ಹೇಳಿದಳು: “ಅಲ್ಲಿ ನೀರು ಸೈತ ನೀನೇ ಸೇದಿ ಕುಡಿ. ಉಣ್ಣೂದು ನೀನೇ ಮಾಡಿಕೊಂಡು ಉಣ್ಣು. ಮರ್ಯಾದಿ ಕಳೀಬ್ಯಾಡ.”

ನನಗೆ ಹದಿನಾಲ್ಕು ವರ್ಷ. ಮೂಗಿನ ತುದಿಯಲ್ಲೇ ಸಿಟ್ಟು. ಆ ಮನೆಯ ಹೊಸ್ತಿಲು ದಾಟುವ ಮೊದಲೇ ಯಾರು ಏನೆಂದರೂ ಜಗಳಕ್ಕೆ ನಿಲ್ಲುವುದೆಂದು ತಯಾರಾಗಿದ್ದೆ. ಜಗಳಕ್ಕೆ ಅವಕಾಶವೇ ಸಿಗಲಿಲ್ಲ. ಉಸ್ತಾನಿ ನನ್ನನ್ನು ಕೈಹಿಡಿದು ಅಂಗಳದ ಮೂಲೆಗೆ ಕರೆದುಕೊಂಡು ಹೋಗಿ ತೋರಿಸಿದರು: ಹೊಸ ಒಲೆ, ಹೊಸ ಗಡಿಗೆ, ಹೊಸ ರೊಟ್ಟಿಹಂಚು, ಬೇರೆ ಕೊಡ. “ಇದು ನಿಂದು. ಯಾರೂ ಮುಟ್ಟಂಗಿಲ್ಲ,” ಅಂದರು. ಪೇಟೆಯಲ್ಲಿ ಕಲಿತ ಕನ್ನಡ, ಸ್ವಲ್ಪ ತೊದಲು. ಆಮೇಲೆ ಮೂರು ವರ್ಷದಲ್ಲಿ ಆ ನೇಮವನ್ನು ನಾನು ಹತ್ತು ಸಲ ಮುರಿದಿರಬೇಕು, ಅವರ ಮನೆಯ ಹಬ್ಬದ ಪಾಯಸ ಶೀರ್‌ಖುರ್ಮಾ ಕದ್ದು ನೆಕ್ಕಿದ್ದೂ ಉಂಟು. ಅವರು ಮಾತ್ರ ಒಮ್ಮೆಯೂ ನನ್ನ ಒಲೆ ಮುಟ್ಟಲಿಲ್ಲ. ತಮ್ಮ ಮನೆಯಲ್ಲಿ ಮಾಂಸ ಬೇಯುವ ದಿನ ನನ್ನನ್ನೂ ಮಗುವನ್ನೂ ಮಾಳಿಗೆಗೆ ಕಳಿಸಿಬಿಡುತ್ತಿದ್ದರು.

ಅವರನ್ನು ನಾನು ಆಪಾ ಅನ್ನುತ್ತಿದ್ದೆ, ಅಕ್ಕ ಎಂಬ ಅರ್ಥದಲ್ಲಿ. ಮಗು ನನ್ನನ್ನು ಅಕ್ಕಾ ಅನ್ನುತ್ತಿತ್ತು.

ಬೆಳಿಗ್ಗೆ ಆಪಾ ಬುರ್ಖಾ ಹಾಕಿಕೊಂಡು ಶಾಲೆಗೆ ಹೊರಟರೆ ಹಿಂದೆ ನಾನು, ನನ್ನ ಸೊಂಟದ ಮೇಲೆ ಮಗು. ಶಾಲೆಯೆಂದರೆ ಕಿಲ್ಲೆಯ ಹತ್ತಿರದ ಒಂದು ಹಳೆಯ ಮನೆ, ಎರಡು ಕೋಣೆ, ನಲವತ್ತು ಹುಡುಗಿಯರು. ಕೊನೆಯ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಾನೂ ಬರೆಯುತ್ತಿದ್ದೆ. ಮನೆಗೆ ಬಂದ ಮೇಲೆ ಮತ್ತೆ ಪಾಠ. ನಡುಮನೆಯಲ್ಲಿ ಬೆತ್ತ ಹೆಣೆದ ಒಂದು ಸಾಗವಾನಿ ಕುರ್ಚಿ ಇತ್ತು. ಅದರ ಮೇಲೆ ಆಪಾ, ಕೆಳಗೆ ಚಾಪೆಯ ಮೇಲೆ ನಾನು. ಮರದ ಹಲಗೆಗೆ ಮುಲ್ತಾನಿ ಮಣ್ಣು ಬಳಿದು ಒಣಗಿಸಿ, ಬೊರುವಿನ ಕಡ್ಡಿ ಚೂಪು ಮಾಡಿದ ಲೇಖನಿಯಿಂದ ಬರೆಯುವುದು. ತಪ್ಪಾದರೆ ಆಪಾ ಹೊಡೆಯುತ್ತಿರಲಿಲ್ಲ, ಬೈಯುತ್ತಿರಲಿಲ್ಲ. “ಫಿರ್ ಸೇ,” ಅನ್ನುತ್ತಿದ್ದರು. ಮತ್ತೊಮ್ಮೆ, ಮೊದಲಿನಿಂದ. ಹಲಗೆ ತೊಳೆ, ಮಣ್ಣು ಬಳಿ, ಒಣಗಿಸು, ಬರೆ. ಸರಿಯಾಗಿದೆ ಅನ್ನಿಸಿದರೆ ಸುಮ್ಮನಿರುತ್ತಿದ್ದರು. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಅವರ ಮೌನವೇ ನನಗೆ ಶಹಬ್ಬಾಸಗಿರಿ. ‘ಫಿರ್ ಸೇ’ ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಏಳು ಸಲ ಅಂದಾಗ ಹಲಗೆಯನ್ನು ಅಂಗಳಕ್ಕೆ ಎಸೆದೆ. ಆಪಾ ತಾವೇ ಹೋಗಿ ಎತ್ತಿಕೊಂಡು ಬಂದು, ಮಣ್ಣು ಬಳಿದು, ನನ್ನ ಮುಂದಿಟ್ಟು ಅದನ್ನೇ ಅಂದರು. ಎಂಟನೆಯ ಸಲಕ್ಕೆ ಸರಿಬಂತು.

ಮರುವರ್ಷ ಊರು ಕೆಟ್ಟಿತು. ಅದನ್ನು ವಿಸ್ತಾರವಾಗಿ ಬರೆಯುವವರು ಬೇರೆ ಇದ್ದಾರೆ. ನಾನು ಕಂಡದ್ದಿಷ್ಟು: ಕೆಲವು ತಿಂಗಳು ನನ್ನಂಥವರಿಗೆ ಬೀದಿಗೆ ಹೋಗಲು ಅಂಜಿಕೆ, ಆಮೇಲೆ ಆಪಾನಂಥವರಿಗೆ. ಮೊದಲ ಅಂಜಿಕೆಯಲ್ಲಿ ಆಪಾ ತಮ್ಮ ಹಳೆಯ ಬುರ್ಖಾ ನನಗೆ ತೊಡಿಸಿ ಶಾಲೆಗೆ ಕರೆದುಕೊಂಡು ಹೋಗುತ್ತಿದ್ದರು. ಎರಡನೆಯ ಅಂಜಿಕೆಯಲ್ಲಿ, ಆ ಸೆಪ್ಟೆಂಬರದಲ್ಲಿ ನಿಜಾಮರ ಮೇಲೆ ದಂಡು ಬಂದಾಗ, ನಾನು ಹಣೆತುಂಬ ವಿಭೂತಿ ಬಳಿದುಕೊಂಡು ಆ ಮನೆಯ ಕಟ್ಟೆಯ ಮೇಲೆ ಮಗುವನ್ನು ಆಡಿಸುತ್ತ ಹಗಲೆಲ್ಲ ಕೂತೆ. ಬಾಗಿಲೊಳಗೆ ಗಂಡ ಹೆಂಡತಿ ಉಸಿರು ಬಿಗಿಹಿಡಿದು ಕೂತಿದ್ದರು. ಗಾಡಿ ಕಳಿಸುತ್ತೇನೆ, ಬಂದುಬಿಡು ಅಂತ ಅವ್ವ ಹೇಳಿಕಳಿಸಿದಳು. ನಾನು ಹೋಗಲಿಲ್ಲ. ಧೈರ್ಯವೆಂದು ಯಾರೂ ತಿಳಿಯಬಾರದು. ಮಗು ನನ್ನ ಸೆರಗು ಬಿಡುತ್ತಿರಲಿಲ್ಲ, ಅಷ್ಟೇ.

ರಾಜ್ಯ ಬದಲಾಯಿತು. ಶಾಲೆ ಮತ್ತೆ ತೆರೆಯಿತು. ಶುಕ್ರವಾರದ ಸೂಟಿ ಹೋಗಿ ರವಿವಾರ ಬಂತು. ಮರುವರ್ಷ ಜಾಗೀರು ಹೋಯಿತು, ಅದರ ಜೊತೆಗೆ ಸಾಹೇಬರ ಕಾರಕೂನಿಕೆಯೂ ಹೋಯಿತು. ಅವರು ದಿನವೂ ಶೇರವಾನಿ ಹಾಕಿಕೊಂಡು, ಗುಂಡಿ ಹಚ್ಚಿಕೊಂಡು, ಹೋಗಲು ಕಚೇರಿಯಿಲ್ಲದೆ ಕಟ್ಟೆಯ ಮೇಲೆ ಕೂಡುತ್ತಿದ್ದರು. ಮನೆ ನಡೆಯುವುದು ಈಗ ಆಪಾನ ನೌಕರಿಯೊಂದರಿಂದಲೇ. ಆ ನೌಕರಿಯ ಮೇಲೇ ಹುಕುಮು ಬಂತು: ಇನ್ನು ಶಾಲೆ ಕನ್ನಡದಲ್ಲಿ ನಡೆಯಬೇಕು. ಉರ್ದು ಮಾಸ್ತರರು ಆರು ತಿಂಗಳಲ್ಲಿ ಕನ್ನಡ ಕಲಿತು, ಹುಮನಾಬಾದಿನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರ ಮುಂದೆ ಓದಿ ತೋರಿಸಬೇಕು. ಓದಲು ಬಂದರೆ ನೌಕರಿ ಇದೆ. ಬಾರದಿದ್ದರೆ ಇಲ್ಲ.

ಆಪಾ ಕಾಗದ ಮಡಚಿ ಪೆಟ್ಟಿಗೆಯಲ್ಲಿಟ್ಟರು. ನನ್ನ ತೋಳು ಹಿಡಿದು ಬೆತ್ತದ ಕುರ್ಚಿಯ ಮೇಲೆ ಕೂಡಿಸಿದರು. ತಾವು ಚಾಪೆಯ ಮೇಲೆ ಕೂತರು.

“ಆಪಾ, ಇದೇನ್ರಿ? ಮ್ಯಾಲ ಕೂಡ್ರಿ,” ಅಂದು ಎದ್ದೆ.

“ಕಲಿಸೋರು ಮ್ಯಾಲ. ಕಲಿಯೋರು ಕೆಳಗ,” ಅಂದರು. “ಕೂಡು.”

ನನಗೆ ಆಗ ಹದಿನಾರು. ಉರ್ದು ಇಮ್ತಿಹಾನು ಪಾಸಾಗಿದ್ದೆ, ಉರ್ದುವಿನ ಬೆಲೆಯೇ ಬಿದ್ದುಹೋಗಿತ್ತು. ಅಪ್ಪ ಮರಳಿನ ಮೇಲೆ ಕಲಿಸಿದ, ಯಾವ ಕೆಲಸಕ್ಕೂ ಬಾರದೆಂದು ಬಿಟ್ಟಿದ್ದ ಕನ್ನಡಕ್ಕೆ ಏಕಾಏಕಿ ಬೆಲೆ ಬಂದಿತ್ತು. ಕುರ್ಚಿಯ ಮೇಲೆ ಕೂತಾಗ ನನಗೆ ಹಿತವಾಯಿತು. ಸುಳ್ಳು ಯಾಕೆ ಹೇಳಲಿ? ಬಹಳ ಹಿತವಾಯಿತು.

ಅಕ್ಷರ ತಿದ್ದಿಸಿದೆ. ಎಡದಿಂದ ಬಲಕ್ಕೆ ಬರೆಯುವಾಗ ಅವರ ಕೈ ತಡವರಿಸುತ್ತಿತ್ತು, ಪುಸ್ತಕ ಕೊಟ್ಟರೆ ಹಿಂದಿನಿಂದ ತೆರೆಯುತ್ತಿದ್ದರು. ತಪ್ಪಿದರೆ ನಾನು ‘ಆಗಲಿ ಬಿಡ್ರಿ, ಬರ್ತದ’ ಅಂದುಬಿಡುತ್ತಿದ್ದೆ. ಅವರಿಗೆ ‘ಫಿರ್ ಸೇ’ ಅನ್ನಲು ನನಗೆ ಬಾಯಿ ಬರಲಿಲ್ಲ. ಒಂದೂವರೆ ತಿಂಗಳಾದರೂ ಅಕ್ಷರಗಳು ಅವರ ಕಣ್ಣಿಗೆ ಹತ್ತಲಿಲ್ಲ. ಆಮೇಲೆ ಆಪಾ ಒಂದು ದಿನ ಅಂದರು: “ನೀ ಪಾಠ ಓದಿ ಹೇಳು. ನಾ ಅಂತೇನಿ.”

ನಾನು ಓದಿದೆ, ಅವರು ಅಂದರು. ಕಣ್ಣು ಅರೆಮುಚ್ಚಿ, ಮೈಯನ್ನು ಮುಂದಕ್ಕೂ ಹಿಂದಕ್ಕೂ ತೂಗುತ್ತ, ಬೆರಳನ್ನು ಸಾಲಿನ ಮೇಲೆ ಓಡಿಸುತ್ತ. ಮಗು ಅವರ ಬೆನ್ನಿಗೆ ಜೋತುಬಿದ್ದು ತಾನೂ ತೂಗುತ್ತಿತ್ತು. ಆಮೇಲೆ ಪಾಠಗಳು ಸರಸರ ಮುಗಿದವು. ರೈತನ ಎತ್ತಿನ ಪಾಠ, ಬಾವಿಯ ಪಾಠ, ಕುಂಬಾರಗಿತ್ತಿಯ ಪಾಠ. ಒಂದು ಅಕ್ಷರ ತಪ್ಪದೆ ಓದುತ್ತಿದ್ದರು. ನನಗೆ ನನ್ನ ಮೇಲೇ ಮೆಚ್ಚುಗೆಯಾಯಿತು. ಸಾಹೇಬರು ಕಟ್ಟೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತು ಕೇಳಿ, ಗಡ್ಡ ಸವರಿಕೊಂಡು ಮತ್ತೆ ಹೋಗಿ ಕೂಡುತ್ತಿದ್ದರು. ಅವರ ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು.

ನಾಲ್ಕನೆಯ ತಿಂಗಳ ಒಂದು ಮಧ್ಯಾಹ್ನ ಆಪಾ ಎತ್ತಿನ ಪಾಠ ಓದುತ್ತಿದ್ದರು. ಮಗುವಿಗೆ ಮುಂದಿನ ಚಿತ್ರ ನೋಡಬೇಕಿತ್ತು. ಅವರ ತೋಳಿನ ಕೆಳಗಿಂದ ಕೈ ತೂರಿಸಿ ಪುಟ ತಿರುವಿತು. ಆ ಪುಟದಲ್ಲಿ ಬಾವಿ ಇತ್ತು, ಬಾವಿಯ ಕಟ್ಟೆಯ ಮೇಲೆ ಕೊಡವಿತ್ತು. ಆಪಾ ನಿಲ್ಲಲಿಲ್ಲ. ಬೆರಳು ಬಾವಿಯ ಪಾಠದ ಸಾಲುಗಳ ಮೇಲೆ ಓಡುತ್ತಿತ್ತು, ಬಾಯಿ ಎತ್ತಿನ ಪಾಠವನ್ನು ಹೇಳುತ್ತಲೇ ಇತ್ತು.

ಇಷ್ಟು ದಿನ ಅವರು ಓದಿಯೇ ಇರಲಿಲ್ಲ. ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಬಾಯಿಪಾಠ ಮಾಡಿದ್ದರು.

ಅದು ಮೋಸವಲ್ಲ. ಇದನ್ನು ನಾನು ಅಂದೇ ತಿಳಿದಿದ್ದೆ, ಇಂದಿಗೂ ಹೇಳುತ್ತೇನೆ. ಅವರ ಮನೆತನದಲ್ಲಿ ಕಲಿಕೆಯ ದಾರಿಯೇ ಅದು. ಒಂಬತ್ತನೆಯ ವರ್ಷದಲ್ಲಿ ಆಪಾ ಕುರಾನಿನ ಎಷ್ಟೋ ಭಾಗವನ್ನು ಕಂಠಪಾಠ ಮಾಡಿದ್ದರಂತೆ, ಒಂದು ಮಾತಿನ ಅರ್ಥವೂ ಗೊತ್ತಿಲ್ಲದೆ, ಹೀಗೇ ತೂಗುತ್ತ. ಮೊದಲು ಬಾಯಿಗೆ ಬರಬೇಕು, ಆಮೇಲೆ ಕಣ್ಣು ತಾನಾಗಿ ಹಿಂಬಾಲಿಸುತ್ತದೆ ಎಂಬುದು ಅವರ ನಂಬಿಕೆ. ಅಲ್ಲಿ ಹಾಗೇ ಆಗಿತ್ತು. ಕನ್ನಡದಲ್ಲೂ ಹಾಗೇ ಆದೀತೆಂದು ಕಾಯುತ್ತಿದ್ದರು.

ಇನ್ನೂ ಎರಡು ತಿಂಗಳಿತ್ತು. ಅವತ್ತೇ ಪುಸ್ತಕ ಮುಚ್ಚಿಸಿ ಮತ್ತೆ ಮೊದಲ ಅಕ್ಷರದಿಂದ ಹಿಡಿದಿದ್ದರೆ ಸಾಕಾಗುತ್ತಿತ್ತು. ನಾಳೆ ಹೇಳಿದರಾಯಿತು ಅಂದುಕೊಂಡೆ. ಪಾಠ ಮುಗಿಸಿ ಆಪಾ ನನ್ನ ಮುಖ ನೋಡಿದರು. ನಾನು ಮಗುವನ್ನು ಎತ್ತಿಕೊಂಡು ಮಾಳಿಗೆಗೆ ಹೋದೆ.

ಅದೇ ವಾರ ಅವ್ವ ಬಂದಳು. ಒಳಗೆ ಬರಲೊಲ್ಲಳು, ಅಂಗಳದಲ್ಲಿ ನನ್ನ ಒಲೆಯ ಹತ್ತಿರ ಕೂತಳು, ನನ್ನ ಕೊಡದ ನೀರು ಕುಡಿದಳು. ಎರಡು ವರ್ಷದಲ್ಲಿ ಅವಳ ಕೈ ಕಟ್ಟಿಗೆಯಂತಾಗಿತ್ತು. ಆಪಾ ಒಳಗಿದ್ದಾರೆಂದು ದನಿ ತಗ್ಗಿಸಿ ಹೇಳಿದಳು.

“ಕನ್ನಡ ಬಲ್ಲ ಹೆಣ್ಣುಮಕ್ಕಳು ಬೇಕಾಗ್ಯಾರಂತ. ಎಲ್ಲೂ ಸಿಗವಲ್ಲರಂತ. ಈ ಉಸ್ತಾನಿಬಾಯಿ ಓದಲಿಲ್ಲಂದ್ರ ಆ ಜಾಗ ಖಾಲಿ ಬೀಳ್ತದ. ನಿನ್ನ ಬಿಟ್ರ ಈ ಊರಾಗ ಯಾರದಾರ?”

“ಅವ್ವಾ, ಸುಮ್ಮಕ ಇರು.”

“ನಾ ಏನರ ಕೆಟ್ಟದ್ದು ಮಾಡು ಅಂದೇನು? ಓದಿದ್ರ ಓದಲಿ. ಓದಲಿಲ್ಲಂದ್ರ ಅದು ನಿನ್ನ ತಪ್ಪೇನು?” ಅವ್ವ ತನ್ನ ಅಂಗೈ ತಿರುವಿ ನೋಡಿಕೊಂಡಳು. “ನಂಗ ಇನ್ನ ಹೊಲ ಆಗವಲ್ದವ್ವ.”

ನಾಳೆ ಹೇಳುತ್ತೇನೆ ಎಂಬ ಮಾತು ಅವತ್ತು ನನ್ನೊಳಗೆ ಸತ್ತಿತು. ಅದರ ಜಾಗದಲ್ಲಿ ಅವ್ವನ ಮಾತು ಕೂತಿತು: ಅದು ನಿನ್ನ ತಪ್ಪೇನು?

ಆ ಎರಡು ತಿಂಗಳು ನಾನು ಹೇಗಿದ್ದೆನೆಂದರೆ ನನಗೇ ಹೇಸಿಗೆಯಾಗುತ್ತದೆ. ದಿನವೂ ಕುರ್ಚಿಯ ಮೇಲೆ ಕೂತು ಪಾಠ ಒಪ್ಪಿಸಿಕೊಂಡೆ. ಆಪಾ ತೂಗುತ್ತ ಹೇಳಿದರು, ನಾನು ತಲೆಯಾಡಿಸಿದೆ. ಮುಗಿದ ಮೇಲೆ ಅವರು ದಿನವೂ ಒಂದು ಕ್ಷಣ ನನ್ನ ಮುಖ ನೋಡುತ್ತಿದ್ದರು, ನಾನು ಬೇರೆಲ್ಲೋ ನೋಡುತ್ತಿದ್ದೆ. ಊಟ ಸೇರಲಿಲ್ಲ. ಸಣ್ಣದಕ್ಕೆಲ್ಲ ಸಿಡುಕಿದೆ. ಒಂದು ದಿನ ಮಗು ನನ್ನ ಹಂಚು ಮುಟ್ಟಿತೆಂದು ಅದರ ಕೈಗೆ ಹೊಡೆದೆ. ಅದು ಅಳಲೂ ಇಲ್ಲ, ನನ್ನನ್ನೇ ನೋಡುತ್ತ ನಿಂತಿತು. ಆಪಾ ಬಂದು ಅದನ್ನು ಎತ್ತಿಕೊಂಡು, ನಿನಗೆ ಮೈಯಲ್ಲಿ ಹುಷಾರಿಲ್ಲವೇನು ಅಂತ ನನ್ನ ಹಣೆ ಮುಟ್ಟಿ ನೋಡಿದರು. ಅಡ್ಡಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಚಚ್ಚಿಕೊಳ್ಳಲಿಲ್ಲ, ಹೇಳಲೂ ಇಲ್ಲ.

1950ರ ಬೇಸಿಗೆ ಶುರುವಾಗುವಾಗ ಹುಮನಾಬಾದಿಗೆ ಕರೆ ಬಂತು. ಸರ್ವೀಸ್ ಮೋಟಾರಿನಲ್ಲಿ ಮುಂದೆ ಸಾಹೇಬರು, ಹಿಂದೆ ಪರದೆ ಕಟ್ಟಿದ ಸೀಟಿನಲ್ಲಿ ಆಪಾ, ನಾನು, ನನ್ನ ತೊಡೆಯ ಮೇಲೆ ಮಗು. ದಾರಿಯುದ್ದಕ್ಕೂ ಬುರ್ಖಾದೊಳಗಿಂದ ಸಣ್ಣ ದನಿ ಕೇಳುತ್ತಿತ್ತು. ಎತ್ತು, ಬಾವಿ, ಕುಂಬಾರಗಿತ್ತಿ. ಮೋಟಾರು ಕುಲುಕಿದಾಗಲೂ ಒಂದು ಮಾತು ತಪ್ಪಲಿಲ್ಲ. ಈಗ ಹೇಳಿಬಿಡಲೇ ಅಂತ ಎರಡು ಸಲ ಬಾಯಿ ತೆರೆದೆ. ಈಗ ಹೇಳಿ ಏನು ಉಪಯೋಗ ಅಂತ ಎರಡು ಸಲವೂ ಮುಚ್ಚಿದೆ.

ಹುಮನಾಬಾದಿನ ಶಾಲೆಯಲ್ಲಿ ಎರಡು ಕೋಣೆಗಳ ನಡುವಿನ ಬಾಗಿಲಿಗೆ ಜಮಖಾನೆ ಕಟ್ಟಿ ಪರದೆ ಮಾಡಿದ್ದರು. ಆಚೆ ಇನ್ಸ್‌ಪೆಕ್ಟರ್ ಸಾಹೇಬರು, ಈಚೆ ಪರದೆಯ ಹೆಂಗಸರು. ಗಂಡಸರದು ಮೊದಲು ಮುಗಿಯಿತು. ಕೆಲವರು ಹಣೆ ಒರೆಸಿಕೊಳ್ಳುತ್ತ ಹೊರಗೆ ಹೋಗುವುದು ಕಿಟಕಿಯಿಂದ ಕಾಣುತ್ತಿತ್ತು. ನಮ್ಮ ಸರದಿ ಬಂತು. ಆಪಾ ಮುಖದ ಮೇಲಿನ ಬಟ್ಟೆ ಎತ್ತಿ ನೆಲದ ಮೇಲೆ ಕೂತರು. ಪುಸ್ತಕವನ್ನು ಹಿಂದಿನಿಂದ ತೆರೆದರು. ನಾನು ತಿರುಗಿಸಿ ಕೊಟ್ಟೆ.

“ಆರನೇ ಪಾಠ ಓದ್ರಿ, ಬಾಯಾರ,” ಅಂದಿತು ಆಚೆಯ ದನಿ. ಧಾರವಾಡದ ಕಡೆಯ ದನಿ, ಮೆತ್ತಗಿತ್ತು.

ಆರನೆಯದು ಬಾವಿಯ ಪಾಠ. ಆಪಾ ಶುರುಮಾಡಿದರು. ಇಷ್ಟು ಚೆಂದ ಅವರು ಎಂದೂ ಹೇಳಿರಲಿಲ್ಲ. ನಿಲ್ಲುವಲ್ಲಿ ನಿಂತರು, ಏರಿಸುವಲ್ಲಿ ಏರಿಸಿದರು. ಮುಗಿದಾಗ ಆಚೆಯಿಂದ “ವಾಹ್‌ ವಾ,” ಅನ್ನುವುದು ಕೇಳಿತು. ಆಪಾನ ಮುಖದಲ್ಲಿ ನಗೆ ಬಂತು. ನನ್ನ ಕೈ ಹಿಡಿದು ಒತ್ತಿದರು. ಆ ಗಳಿಗೆ, ದೇವರಾಣೆ, ಅವರು ಪಾಸಾಗಲಿ ಅಂತ ನಾನು ಬೇಡಿಕೊಂಡೆ.

ಜಮಖಾನೆಯ ಕೆಳಗಿಂದ ಮಡಚಿದ ಒಂದು ವರ್ತಮಾನಪತ್ರಿಕೆ ಸರಿದು ಒಳಗೆ ಬಂತು.

“ಇದರಾಗ ಮ್ಯಾಲಿನ ನಾಕು ಸಾಲು ಓದ್ರಿ. ಎಲ್ಲಾರಿಗೂ ಕೊಟ್ಟೇನ್ರಿ, ಬ್ಯಾರೆ ತಿಳಕೋಬ್ಯಾಡ್ರಿ.”

ಆಪಾ ಪತ್ರಿಕೆ ಎತ್ತಿಕೊಂಡರು. ತೂಗುವುದು ನಿಂತಿತು. ಬೆರಳನ್ನು ಮೊದಲ ಸಾಲಿನ ಮೇಲಿಟ್ಟರು. ಬೆರಳು ಅಲ್ಲೇ ಇತ್ತು. ಆಪಾ ತಲೆಯೆತ್ತಿ ನನ್ನನ್ನು ನೋಡಿದರು.

ನಡುವೆ ಇದ್ದದ್ದು ಒಂದು ಜಮಖಾನೆ. ಆಚೆಯವರಿಗೆ ನಮ್ಮ ಮುಖ ಕಾಣದು. ಅವರ ಕಿವಿಯಲ್ಲಿ ನಾನು ಒಂದೊಂದೇ ಮಾತು ಉಸುರಿದ್ದರೆ ಅವರು ಅಂದುಬಿಡುತ್ತಿದ್ದರು. ಇಲ್ಲವೇ ನಾನೇ ಅವರ ದನಿಯಲ್ಲಿ ಓದಬಹುದಿತ್ತು. ಅದನ್ನೇ ಕೇಳಿದರೋ, ಬೇರೆ ಏನನ್ನೋ ಕೇಳಿದರೋ ಆ ಕಣ್ಣಿನಲ್ಲಿ, ನನಗೆ ಇಂದಿಗೂ ತಿಳಿದಿಲ್ಲ. ಪತ್ರಿಕೆಯ ಅಕ್ಷರಗಳು ನನಗೆ ತಲೆಕೆಳಗಾಗಿಯೂ ಸ್ಪಷ್ಟವಾಗಿ ಕಾಣುತ್ತಿದ್ದವು. ಬೀದರ ಕಡೆಯ ಅಕಾಲ ಮಳೆಯ ಸುದ್ದಿ. ನಾಲ್ಕು ಸಾಲು. ನಾನು ಬಾಯಿ ತೆರೆಯಲಿಲ್ಲ.

“ಅಕ್ಕಾ,” ಅಂದಿತು ಮಗು, ದೊಡ್ಡ ದನಿಯಲ್ಲಿ. “ನೀ ಓದಲ್ಲ? ನಿಂಗ ಬರ್ತದಲ್ಲ?”

“ಒಳಗ ಇನ್ನ್ಯಾರದಾರ್ರಿ?” ಅಂದಿತು ಆಚೆಯ ದನಿ.

ಆಪಾ ಪತ್ರಿಕೆಯನ್ನು ನೀಟಾಗಿ ಮಡಚಿದರು. ಆಮೇಲೆ ಮಾತಾಡಿದರು. ಪುಸ್ತಕದ ಮಾತಲ್ಲ, ತಮ್ಮ ಪೇಟೆಯ ಕನ್ನಡ. ಒಂದು ತೊದಲಿಲ್ಲ.

“ನಂಗ ಇದು ಓದಾಕ ಬರಂಗಿಲ್ರಿ, ಸಾಹೇಬ್ರ. ಆ ಪುಸ್ತಕ ನಾ ಬಾಯಿಲೆ ಮಾಡೀನಿ. ಇಲ್ಲಿ ಒಬ್ಬಾಕಿ ಹುಡುಗಿ ಅದಾಳ್ರಿ. ಉರ್ದು ಪಾಸಾಗ್ಯಾಳ, ಕನ್ನಡ ಅವರಪ್ಪ ಕಲಿಸ್ಯಾನ. ಅಕೀದು ಕೇಳ್ರಿ.” ಪತ್ರಿಕೆಯನ್ನು ನನ್ನ ತೊಡೆಯ ಮೇಲಿಟ್ಟರು. “ಓದು.”

ನಾನು ಓದಿದೆ. ಹೇಗೆ ಓದಿದೆನೋ ಗೊತ್ತಿಲ್ಲ. ನನ್ನ ದನಿ ನನಗೆ ಬೇರೆ ಯಾರದೋ ಅನ್ನಿಸಿತು. ಆಚೆಯಿಂದ ನನ್ನ ವಯಸ್ಸು ಕೇಳಿದರು, ಊರು ಕೇಳಿದರು, ಬರೆದುಕೊಂಡರು.

ಹೊರಗೆ ಬಂದಾಗ ಸಾಹೇಬರು ಗಿಡದ ಕೆಳಗೆ ನಿಂತಿದ್ದರು. ಆಪಾ ತಲೆಯನ್ನು ಅಡ್ಡಡ್ಡ ಅಲ್ಲಾಡಿಸಿದರು. ಸಾಹೇಬರು ಶೇರವಾನಿಯ ಮೇಲಿನ ಗುಂಡಿ ಬಿಚ್ಚಿದರು, ಅಷ್ಟೇ. ಮರಳಿ ಬರುವಾಗ ಮೋಟಾರಿನಲ್ಲಿ ಯಾವ ಪಾಠವೂ ಕೇಳಲಿಲ್ಲ.

ಒಂದು ತಿಂಗಳಿಗೆ ನನಗೆ ಹುಕುಮು ಬಂತು. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಅವ್ವ ಘಾಟಬೋರಾಳದಿಂದ ಇಳಕಲ್ ಸೀರೆಯೊಂದನ್ನು ಕಳಿಸಿದಳು. ಅದನ್ನು ಉಡಿಸಿ ನಿರಿಗೆ ಸರಿಮಾಡಿದ್ದು ಆಪಾ. ಮೊದಲ ದಿನ ಜೊತೆಗೆ ಬಂದು ಶಾಲೆಯ ಬೀಗ ತೆಗೆದರು, ಬೀಗದ ಕೈಯನ್ನು ನನ್ನ ಸೆರಗಿಗೆ ಗಂಟು ಹಾಕಿದರು, ಯಾವ ಹುಡುಗಿಗೆ ಕಣ್ಣು ಮಂದ, ಯಾವಳಿಗೆ ಮನೆಯಲ್ಲಿ ಉಪವಾಸ ಅಂತ ಬಾಗಿಲಲ್ಲೇ ನಿಂತು ಹೇಳಿ ಮನೆಗೆ ಹೋದರು.

ಎಲ್ಲಕ್ಕಿಂತ ಕಷ್ಟವಾದದ್ದೆಂದರೆ ನಾನು ಆ ಮನೆಯಲ್ಲೇ ಇದ್ದೆ. ಹದಿನೇಳರ ಹುಡುಗಿ ಒಬ್ಬಳೇ ಮನೆ ಹಿಡಿದು ಇರುವ ಕಾಲವೇ ಅದು? ಅವರಿಂದ ಕಸಿದುಕೊಂಡ ಕೆಲಸಕ್ಕೆ ದಿನಾ ಬೆಳಿಗ್ಗೆ ಅವರ ಮನೆಯಿಂದಲೇ ಹೋಗುತ್ತಿದ್ದೆ. ಆಪಾ ಓಣಿಯ ಹುಡುಗಿಯರಿಗೆ ಕುರಾನು ಹೇಳಿಕೊಡತೊಡಗಿದರು, ಕಸೂತಿ ಹಾಕತೊಡಗಿದರು. ಸಾಹೇಬರು ಒಂದು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯಲು ಹೋದರು, ಶೇರವಾನಿ ಹಾಕಿಕೊಂಡೇ. ಯಾರೂ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಜಗಳ ಮಾಡಬಹುದಿತ್ತು.

ಒಂದು ರವಿವಾರ ಮಧ್ಯಾಹ್ನ ಆಪಾ ಅದೇ ಪುಸ್ತಕ ಹಿಡಿದು ನಡುಮನೆಗೆ ಬಂದರು. ಚಾಪೆ ಹಾಸಿದರು. ಕುರ್ಚಿಯನ್ನು ಎಳೆದು ಎದುರಿಗಿಟ್ಟರು.

“ಈಗ ಇಮ್ತಿಹಾನ ಇಲ್ಲ,” ಅಂದರು. “ಈಗ ಕಲಿಸು.”

ನಾನು ಕೆಳಗೆ ಕೂತೆ. ಅವರು ಕುರ್ಚಿಯ ಕಡೆ ಬೆರಳು ತೋರಿಸಿದರು. ನಾನು ಎದ್ದು ಅದರ ತುದಿಯಲ್ಲಿ ಕೂತೆ.

“ಆ ದಿವಸ ಕೂಸು ಪುಟ ತಿರುವಿತ್ತಲ್ಲ,” ಅಂದರು, ಪುಸ್ತಕದ ಮೂಲೆ ನೇರ ಮಾಡುತ್ತ. “ಎತ್ತಿನ ಪಾಠದಾಗ ಬಾವಿ ಬಂತು. ಪಾಠ ಮುಗಿಸಿ ನಾ ಚಿತ್ರ ನೋಡಿದೆ. ನೀ ನೋಡಿದ್ದೂ ನೋಡಿದೆ.”



“ಹೌದ್ರಿ,” ಅಂದೆ. “ನೋಡಿದ್ದೆ.”

“ನೀ ಏನೂ ಅನ್ನಲಿಲ್ಲ. ನಾ ತಿಳಕೊಂಡೆ, ಕಲಿಸೋಳು ಸುಮ್ಮಕ ಅದಾಳಂದ್ರ ಸರಿನೇ ಅದ ಅಂತ. ನಾ ನಿಂಗ ಸರಿ ಇದ್ದಾಗ ಸುಮ್ಮಕ ಇರತಿದ್ದೆನಲ್ಲ, ಹಂಗ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. “ತಪ್ಪಾದಾಗೆಲ್ಲ ನಾ ನಿಂಗ ಫಿರ್ ಸೇ ಅಂದೆ. ನೀ ನಂಗ ಒಮ್ಮೆನೂ ಅನ್ನಲಿಲ್ಲ.”

ಅವ್ವನ ಕೈಯ ಬಗ್ಗೆ ಹೇಳಬೇಕೆಂದುಕೊಂಡೆ, ಹೊಲದ ಬಗ್ಗೆ ಹೇಳಬೇಕೆಂದುಕೊಂಡೆ. ಕುರ್ಚಿಯ ಮೇಲೆ ಕೂತೇ ಅತ್ತೆ, ಮೂಗು ಸೋರಿಸಿಕೊಂಡು, ಅಸಹ್ಯವಾಗಿ. ಮಗು ಬಂದು ತನ್ನ ಲಂಗದ ಅಂಚಿನಿಂದ ನನ್ನ ಮುಖ ಒರೆಸಿತು. ಆಪಾ ಕಾದರು. ಅಳು ನಿಂತ ಮೇಲೆ ಪುಸ್ತಕ ತೆರೆದರು, ಈ ಸಲ ಮುಂದಿನಿಂದ. ಬಾಯಿಗೆ ಬಂದ ಪಾಠ ನಡುವೆ ನುಗ್ಗಬಾರದೆಂದು ತುಟಿ ಬಿಗಿಹಿಡಿದು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಸಣ್ಣ ಹುಡುಗಿಯರು ಓದುವಂತೆ ಓದತೊಡಗಿದರು. ಮೂರನೆಯ ಅಕ್ಷರಕ್ಕೆ ತಪ್ಪಿದರು.

ತಲೆಯೆತ್ತಿ ನನ್ನ ಮುಖ ನೋಡಿದರು.

“ಫಿರ್ ಸೇ,” ಅಂದೆ.